ಮನೆಯ ಅರಿಶಿನ: ಚೀಲಕ್ಕೆ ಯಾವ ಗೊಬ್ಬರ, ಕಿತ್ತ ಮೇಲೆ ಯಾವ ಹದ

ಮೇ ಕೊನೆಯ ಮಳೆಗೆ ಮೊಳಕೆ ಬಂದ ಗೆಡ್ಡೆ ಹೂತು ಸುಮ್ಮನಿದ್ದರೂ ಜನವರಿ, ಫೆಬ್ರವರಿ ಹೊತ್ತಿಗೆ ಒಂದಿಷ್ಟು ಅರಿಶಿನ ಸಿಕ್ಕೇ ಸಿಗುತ್ತದೆ. ಅಷ್ಟು ಒಗ್ಗಿಕೊಳ್ಳುವ ಗಿಡ ಅದು. ಮನೆಯಲ್ಲಿ ಬೆಳೆಯುವವರು ಎಡವುವುದು ಎರಡೇ ಕಡೆ: ಚೀಲಕ್ಕೆ ಏನು ತುಂಬಬೇಕು ಅನ್ನುವಲ್ಲಿ, ಮತ್ತು ಕಿತ್ತ ಗೆಡ್ಡೆಯನ್ನು ಬೇಯಿಸಬೇಕೋ ಹೆಚ್ಚಿ ಒಣಗಿಸಬೇಕೋ ಅನ್ನುವಲ್ಲಿ. ಇವೆರಡೂ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಬೇರೆಯಲ್ಲ. ಆಗಸ್ಟ್‌ನಲ್ಲಿ ಗೊಬ್ಬರದಲ್ಲಿ ಮಾಡಿದ ತಪ್ಪು ಫೆಬ್ರವರಿಯಲ್ಲಿ ಚಾಪೆಯ ಮೇಲೆ ಬಯಲಾಗುತ್ತದೆ. ಎದೆಮಟ್ಟ ಬೆಳೆದು ಕಡುಹಸಿರಾಗಿ ನಿಂತಿದ್ದ ಗಿಡದ ಗೆಡ್ಡೆ ಒಣಗಿದಾಗ ಮುದುಡಿ, ಸುಕ್ಕುಗಟ್ಟಿ, ತೂಕವೇ ಇಲ್ಲದಂತೆ ಆಗಿರುತ್ತದೆ. ನೀರು ತುಂಬಿಕೊಂಡಿತ್ತು, ಹಿಟ್ಟು ತುಂಬಿಕೊಂಡಿರಲಿಲ್ಲ, ಅಷ್ಟೇ.

ಆದ್ದರಿಂದ ಗೊಬ್ಬರ ಆರಿಸುವಾಗ ಎಲೆ ನೋಡಬೇಡಿ, ಗೆಡ್ಡೆ ನೆನಪಿಟ್ಟುಕೊಳ್ಳಿ. ಕೋಳಿಕ್ಕೋಡ್‌ನಲ್ಲಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಅರಿಶಿನಕ್ಕೆ ಹೆಕ್ಟೇರಿಗೆ 60 ಕಿಲೋ ಸಾರಜನಕ, 50 ಕಿಲೋ ರಂಜಕ, 120 ಕಿಲೋ ಪೊಟ್ಯಾಷ್ ಎಂದು ಹೇಳುತ್ತದೆ. ಗೆಡ್ಡೆ ತುಂಬಿಸುವ ಪೊಟ್ಯಾಷ್ ಎಲೆ ಬೆಳೆಸುವ ಸಾರಜನಕದ ಎರಡು ಪಟ್ಟು. ರಾಸಾಯನಿಕ ಗೊಬ್ಬರ ಹಾಕದವರಿಗೂ ಈ ಪ್ರಮಾಣ ದಾರಿದೀಪ. ತಾರಸಿ ತೋಟಗಳಲ್ಲಿ ನಡೆಯುವುದು ಇದರ ತದ್ವಿರುದ್ಧ: ತಿಂಗಳಿಗೊಮ್ಮೆ ಹಿಂಡಿ ನೀರು, ಹದಿನೈದು ದಿನಕ್ಕೊಮ್ಮೆ ಎರೆಗೊಬ್ಬರ, ಪೊಟ್ಯಾಷ್ ಕೊಡುವ ಬೂದಿ ಮಾತ್ರ ಇಲ್ಲ.

ಚೀಲ ತುಂಬುವುದು

16 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗ್ ಇಟ್ಟುಕೊಂಡು ಲೆಕ್ಕ ಹೇಳುತ್ತೇವೆ. ಅದಕ್ಕೆ ಹಿಡಿಯುವುದು ಸುಮಾರು 38 ಲೀಟರ್. ನೆಡುವಾಗ ಮೂರನೇ ಎರಡು ಭಾಗ ಮಾತ್ರ ತುಂಬಿ, ಅಂದರೆ 25–26 ಲೀಟರ್. ಎರಡು ತಿಂಗಳಾದ ಮೇಲೆ ಮಣ್ಣೇರಿಸಲು ಮೇಲಿನ ಜಾಗ ಬೇಕು. ಕಂಠಮಟ್ಟ ತುಂಬಿಸಿಬಿಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಗೆಡ್ಡೆ ಮೇಲಕ್ಕೆ ಇಣುಕುತ್ತದೆ, ಬಿಸಿಲು ತಾಗಿ ಹಸಿರಾಗುತ್ತದೆ, ಮಣ್ಣು ಹಾಕೋಣವೆಂದರೆ ಜಾಗವಿರುವುದಿಲ್ಲ.

25 ಲೀಟರಿಗೆ ಕೆಂಪುಮಣ್ಣು 12, ಹಳೆಯ ಕೊಟ್ಟಿಗೆ ಗೊಬ್ಬರ 7, ತೆಂಗಿನ ನಾರಿನ ಪುಡಿ ಅಥವಾ ದಪ್ಪ ಮರಳು 6 ಲೀಟರ್. 20–30 ಗ್ರಾಂ ತೂಗುವ, ಒಂದೆರಡು ಕಣ್ಣಿರುವ ಬಿತ್ತನೆ ತುಂಡು ಎರಡು, ಹೆಚ್ಚೆಂದರೆ ಮೂರು. ಎರಡು ಇಂಚು ಆಳ. ಐದಾರು ತುಂಡು ತುರುಕಿದರೆ ಹೆಚ್ಚು ಗೆಡ್ಡೆ ಬರುವುದಿಲ್ಲ, ಬೆರಳು, ಅಂದರೆ ನಡುವಿನ ತಾಯಿಗೆಡ್ಡೆಯಿಂದ ಕವಲೊಡೆಯುವ ಉದ್ದನೆಯ ಗೆಡ್ಡೆ, ಸಣ್ಣದಾಗುತ್ತದೆ, ಸಿಪ್ಪೆ ತೆಗೆಯುವವರ ಬೈಗುಳ ಬರುತ್ತದೆ.

ಕೊಟ್ಟಿಗೆ ಗೊಬ್ಬರವೋ ಎರೆಗೊಬ್ಬರವೋ? ತೂಕಕ್ಕೆ ತೂಕ ಹೋಲಿಸಿದರೆ ಎರೆಗೊಬ್ಬರದಲ್ಲಿ ಸಾರ ಹೆಚ್ಚು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5 ಇದ್ದರೆ ಎರೆಗೊಬ್ಬರದಲ್ಲಿ ಅದರ ಎರಡು, ಮೂರು ಪಟ್ಟು. ಆದರೂ ಅರಿಶಿನದ ಚೀಲದ ತಳಹದಿಗೆ ಕೊಟ್ಟಿಗೆ ಗೊಬ್ಬರವೇ ಮೇಲು. ಅದರಲ್ಲಿರುವ ಒರಟು ಕಡ್ಡಿ, ಹುಲ್ಲು ಎಂಟು ತಿಂಗಳು ಮಣ್ಣನ್ನು ಸಡಿಲವಾಗಿಡುತ್ತವೆ. ಎರೆಗೊಬ್ಬರ ಚಹಾಪುಡಿಯಷ್ಟು ನಯ. ಒಂದೇ ಮಳೆಗಾಲಕ್ಕೆ ಅದು ಮಣ್ಣಿನೊಳಗೆ ಇಳಿದು ಕೂತುಬಿಡುತ್ತದೆ. ಅದನ್ನು ಮೇಲುಗೊಬ್ಬರಕ್ಕೆ ಇಟ್ಟುಕೊಳ್ಳಿ: ಮಣ್ಣೇರಿಸುವಾಗ ಚೀಲಕ್ಕೆ ಅರ್ಧ ಕಿಲೋ. ಕೊಟ್ಟಿಗೆ ಗೊಬ್ಬರ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಬಿಸಿ ಇದ್ದರೆ, ಸಗಣಿಯ ವಾಸನೆ ಬಂದರೆ ಅದು ಇನ್ನೂ ಗೊಬ್ಬರವಾಗಿಲ್ಲ. ಹಸಿ ಗೊಬ್ಬರದ ಜೊತೆ ಗೊಣ್ಣೆಹುಳವೂ ಉಚಿತವಾಗಿ ಬರುತ್ತದೆ.

ನಾರಿನ ಪುಡಿಯಲ್ಲಿ ಎರಡು ತೊಂದರೆ. ಒಂದು ಉಪ್ಪು. ಇಟ್ಟಿಗೆಯಾಗಿ ಸಿಗುವ ಪುಡಿಯನ್ನು ನೀರಲ್ಲಿ ನೆನೆಹಾಕಿ ಹಿಂಡಿ, ಆ ನೀರು ಚೆಲ್ಲಿ, ಮತ್ತೆ ಎರಡು ಸಲ ಹಾಗೆಯೇ ಮಾಡಬೇಕು. ಮೊದಲ ನೀರು ಗಟ್ಟಿ ಚಹಾದ ಬಣ್ಣ, ಮೂರನೆಯದು ತಿಳಿಚಹಾ. ತೊಳೆಯದೆ ಹಾಕಿದರೆ ಜುಲೈನಲ್ಲಿ ಎಲೆಯ ಅಂಚು, ತುದಿ ಸುಟ್ಟಂತೆ ಒಣಗುತ್ತದೆ. ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರು ಬಹಳ. ಎರಡನೆಯದು, ಕಳಿಯದ ನಾರಿನ ಪುಡಿ ತಾನು ಕಳಿಯಲು ಮಣ್ಣಿನ ಸಾರಜನಕವನ್ನೇ ಹೀರುತ್ತದೆ. ಕಾಲುಭಾಗ ಮೀರಿದರೆ ಗಿಡ ತಿಳಿಹಳದಿಯಾಗಿ ನಿಂತಲ್ಲೇ ನಿಲ್ಲುತ್ತದೆ. ಮಲೆನಾಡು, ಕರಾವಳಿಯ ಮಳೆಯಲ್ಲಿ ನಾರಿನ ಪುಡಿಯ ಬದಲು ದಪ್ಪ ಮರಳೇ ಸರಿ. ನಾರು ನೀರು ಹಿಡಿಯುತ್ತದೆ, ಅಲ್ಲಿ ಬೇಕಾದದ್ದು ನೀರು ಬಿಡುವುದು. ಬಯಲುಸೀಮೆಯ ತಾರಸಿಯ ಬಿಸಿಲಿಗೆ ನಾರು ಒಳ್ಳೆಯದು.

ಹಿಂಡಿಗಳಲ್ಲಿ ಯಾವುದು

ಬೇವು, ಹೊಂಗೆ, ಹರಳು, ಕಡಲೆಕಾಯಿ ಈ ನಾಲ್ಕು ಹಿಂಡಿ ಎಲ್ಲೆಡೆ ಸಿಗುತ್ತವೆ. ಸಾರಜನಕ ಮಾತ್ರ ನೋಡಿದರೆ ಕಡಲೆಕಾಯಿ ಹಿಂಡಿ ಮುಂದು, ಸುಮಾರು ಶೇ 7. ಬೇವಿನದು 5ರ ಆಸುಪಾಸು, ಹೊಂಗೆಯದು 4ರ ಹತ್ತಿರ. ಆದರೆ ಅರಿಶಿನಕ್ಕೆ ಕಡಲೆಕಾಯಿ ಹಿಂಡಿ ಕೊನೆಯ ಆಯ್ಕೆ. ಬೇಗ ಕೊಳೆಯುತ್ತದೆ, ಕೊಳೆಯುವಾಗ ಬಿಸಿಯಾಗುತ್ತದೆ, ಇರುವೆ ಹತ್ತುತ್ತದೆ, ನೊಣ ಮೊಟ್ಟೆ ಇಡುತ್ತದೆ, ಕೊಟ್ಟ ಸಾರಜನಕವೆಲ್ಲ ಎಲೆಗೆ ಹೋಗುತ್ತದೆ. ನೆನೆಸಿ ಹುಳಿ ಬರಿಸಿದ ಕಡಲೆಕಾಯಿ ಹಿಂಡಿಯ ನೀರು ಗುಲಾಬಿಗೋ ಸೊಪ್ಪಿಗೋ ಇರಲಿ.

ಬೇವಿನ ಹಿಂಡಿಯನ್ನು ಆರಿಸುವುದು ಸಾರಜನಕಕ್ಕಾಗಿ ಅಲ್ಲ. ಅದು ನಿಧಾನವಾಗಿ ಕರಗುತ್ತದೆ, ಬೇರುಗಂಟು ಮಾಡುವ ಜಂತುಹುಳವನ್ನು ತಡೆಯುತ್ತದೆ. ಚೀಲಕ್ಕೆ 50 ಗ್ರಾಂ ನೆಡುವಾಗ ಮಣ್ಣಿಗೆ ಬೆರೆಸಿ, ಇನ್ನು 50 ಗ್ರಾಂ ಮಣ್ಣೇರಿಸುವಾಗ. ಹಿಂಡಿ ಬೆರೆಸಿ ವಾರ, ಹತ್ತು ದಿನ ಬಿಟ್ಟು ಗೆಡ್ಡೆ ನೆಡಿ, ಅದೇ ದಿನ ಬೇಡ. ನೀರು ಹಾಕಿದ ಎರಡು ಮೂರು ದಿನಕ್ಕೆ ಮಣ್ಣಿನ ಮೇಲೆ ಬಿಳಿ ಬೂಷ್ಟು ಕಂಡರೆ ಹೆದರಬೇಕಿಲ್ಲ, ಅದು ಹಿಂಡಿ ತಿನ್ನುವ ಶಿಲೀಂಧ್ರ, ಕೈಯಾಡಿಸಿದರೆ ಮಾಯ. ಅಂಗಡಿಯ ಬೇವಿನ ಹಿಂಡಿಯಲ್ಲಿ ಕಲಬೆರಕೆ ಇದೆಯೋ ಎಂದು ನೋಡಲು ಒಂದು ಚಮಚ ನೀರಲ್ಲಿ ಹಾಕಿ. ಒಳ್ಳೆಯದು ಊದಿಕೊಂಡು ಮೆತ್ತಗಾಗುತ್ತದೆ, ಮಣ್ಣು ಬೆರೆತದ್ದರಲ್ಲಿ ತಳಕ್ಕೆ ಮರಳು ಕೂರುತ್ತದೆ.

ಹೊಂಗೆ ಹಿಂಡಿ ಅಗ್ಗಕ್ಕೆ ಸಿಗುವ ಕಡೆ ಬೇವಿನ ಬದಲಿಗೆ ಅಷ್ಟೇ ತೂಕ ಹಾಕಬಹುದು, ದೊಡ್ಡ ನಷ್ಟವೇನಿಲ್ಲ. ಹರಳು ಹಿಂಡಿ ಗೊಬ್ಬರವಾಗಿ ಚೆನ್ನಾಗಿದೆ, ಆದರೆ ಅದರಲ್ಲಿ ವಿಷವಿದೆ. ಮನೆಯಲ್ಲಿ ನಾಯಿ ಇದ್ದರೆ ತರಲೇಬೇಡಿ. ವಾಸನೆಗೆ ಮಣ್ಣು ಕೆದಕಿ ತಿನ್ನುತ್ತವೆ.

ಬೇವಿನ ಹಿಂಡಿಗೆ ಇನ್ನೊಂದು ಉಪಯೋಗವಿದೆ, ಅದು ಗೆಡ್ಡೆ ಕೊಳೆಗೆ ಸಂಬಂಧಿಸಿದ್ದು. ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಈ ರೋಗದಲ್ಲಿ ಕೆಳಗಿನ ಎಲೆ ಅಂಚಿನಿಂದ ಹಳದಿಯಾಗುತ್ತದೆ, ಕಾಂಡದ ಬುಡ ನೀರುಂಡಂತೆ ಮೆತ್ತಗಾಗುತ್ತದೆ, ಎಳೆದರೆ ಕಾಂಡ ಕೈಗೇ ಬರುತ್ತದೆ. ಬಂದ ಮೇಲೆ ಆ ಚೀಲ ಉಳಿಯುವುದು ಕಷ್ಟ. ಬಾರದಂತೆ ಮಾಡಲು ಇರುವುದು ಟ್ರೈಕೋಡರ್ಮಾ, ರೋಗಕಾರಕಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ. 9 ಕಿಲೋ ಕೊಟ್ಟಿಗೆ ಗೊಬ್ಬರ, 1 ಕಿಲೋ ಬೇವಿನ ಹಿಂಡಿ, 200 ಗ್ರಾಂ ಟ್ರೈಕೋಡರ್ಮಾ ಪುಡಿ ಕಲಸಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟುವಷ್ಟು ತೇವ ಮಾಡಿ, ನೆರಳಲ್ಲಿ ಒದ್ದೆ ಗೋಣಿಚೀಲ ಹೊದಿಸಿಡಿ. ನಾಲ್ಕೈದು ದಿನಕ್ಕೊಮ್ಮೆ ಮಗುಚಿ ಹಾಕಿ. ಎರಡು ವಾರದಲ್ಲಿ ರಾಶಿಯೊಳಗೆ ಹಸಿರು ಬೂಷ್ಟು ಹಬ್ಬಿರುತ್ತದೆ. ಇದನ್ನು ಚೀಲಕ್ಕೆ ಎರಡು ಮುಷ್ಟಿ ಹಾಕಿ. ಪುಡಿಯನ್ನು ಹಾಗೇ ಒಣಮಣ್ಣಿಗೆ ಉದುರಿಸುವುದು ದಂಡ. ತಿನ್ನಲು ಏನೂ ಇಲ್ಲದ ಕಡೆ ಅದು ಬೆಳೆಯುವುದಿಲ್ಲ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಹಳತಾದಷ್ಟೂ ಜೀವ ಕಡಿಮೆ.

ಬೂದಿಯ ವಿಚಾರ

ಪೊಟ್ಯಾಷ್‌ಗೆ ಮನೆಯಲ್ಲಿ ಸಿಗುವ ಮೂಲ ಸೌದೆ ಬೂದಿ. ಆದರೆ ಎಲ್ಲ ಬೂದಿ ಒಂದೇ ಅಲ್ಲ. ಬಚ್ಚಲೊಲೆಗೆ ತೆಂಗಿನ ಸಿಪ್ಪೆ ಉರಿಸುವ ಮನೆಯ ಬೂದಿ ಪೊಟ್ಯಾಷ್‌ನಲ್ಲಿ ಎಲ್ಲಕ್ಕಿಂತ ಗಟ್ಟಿ. ಮರದ ಬೂದಿ ಮಧ್ಯಮ. ಭತ್ತದ ಹೊಟ್ಟಿನ ಬೂದಿಯಲ್ಲಿ ಹೆಚ್ಚಾಗಿ ಇರುವುದು ಸಿಲಿಕಾ. ಮಣ್ಣು ಸಡಿಲಿಸಲು ಸರಿ, ಪೊಟ್ಯಾಷ್‌ಗೆ ಅದನ್ನು ನೆಚ್ಚಬೇಡಿ. ಇನ್ನು, ಮಳೆಯಲ್ಲಿ ನೆನೆದ ಬೂದಿ ಸತ್ತ ಬೂದಿ. ಅದರ ಪೊಟ್ಯಾಷ್ ನೀರಿನಲ್ಲಿ ಕರಗುವಂಥದ್ದು, ಮೊದಲ ಮಳೆಗೇ ಹರಿದುಹೋಗಿರುತ್ತದೆ. ಒಲೆಯಿಂದ ತೆಗೆದು ತಣಿದ ಕೂಡಲೇ ಡಬ್ಬಕ್ಕೆ ತುಂಬಿ ಮುಚ್ಚಿಡಿ.

ಹಾಕುವ ಹೊತ್ತು ಮೂರನೇ ತಿಂಗಳಿನಿಂದ ಐದನೇ ತಿಂಗಳವರೆಗೆ, ಬೆರಳು ತುಂಬಿಕೊಳ್ಳುವ ಕಾಲ. ಚೀಲಕ್ಕೆ ಒಂದು ಮುಷ್ಟಿ, ಸುಮಾರು 40 ಗ್ರಾಂ, ತಿಂಗಳಿಗೊಮ್ಮೆ, ಮೂರು ಸಲ. ತೆಂಗಿನ ಸಿಪ್ಪೆಯ ಬೂದಿಯಾದರೆ ಅರ್ಧ ಮುಷ್ಟಿ. ಗಿಡದ ಬುಡಕ್ಕೆ ತಾಗದಂತೆ ಚೀಲದ ಅಂಚಿನಲ್ಲಿ ಹರಡಿ, ಮಣ್ಣು ಕೆದಕಿ, ನೀರು ಹಾಕಿ. ಬೂದಿಯನ್ನು ಸಗಣಿ, ಗಂಜಲ, ಹಿಂಡಿಯ ಜೊತೆ ಒಂದೇ ದಿನ ಬೆರೆಸಬೇಡಿ. ಕ್ಷಾರ ತಾಗಿದೊಡನೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಚುಚ್ಚುವ ಆ ವಾಸನೆಯೇ ನಿಮ್ಮ ಗೊಬ್ಬರ. ಎರಡಕ್ಕೂ ಹತ್ತು ದಿನದ ಅಂತರವಿರಲಿ.

ಊರು ನೋಡಿ ಬೂದಿ ಹಾಕಬೇಕು, ಇದನ್ನು ಹೆಚ್ಚಿನವರು ಹೇಳುವುದಿಲ್ಲ. ಶಿವಮೊಗ್ಗ, ಉಡುಪಿ ಕಡೆಯ ಹುಳಿಮಣ್ಣಿಗೆ ಬೂದಿ ಎರಡು ಕೆಲಸ ಮಾಡುತ್ತದೆ, ಪೊಟ್ಯಾಷ್ ಕೊಡುತ್ತದೆ, ಹುಳಿ ಇಳಿಸುತ್ತದೆ. ಕೋಲಾರ, ತುಮಕೂರು ಕಡೆ ಗಡಸು ಬೋರ್‌ವೆಲ್ ನೀರು ಹಾಕುವ ಚೀಲದಲ್ಲಿ ಮಣ್ಣು ಆಗಲೇ ಕ್ಷಾರವಾಗಿರುತ್ತದೆ. ಅದಕ್ಕೆ ಮತ್ತೆ ಬೂದಿ ಸುರಿದರೆ ಕಬ್ಬಿಣ ಗಿಡಕ್ಕೆ ಸಿಗದೆ ಎಳೆಯ ಎಲೆ ನರಗಳ ನಡುವೆ ಬಿಳಿಚಿಕೊಳ್ಳುತ್ತದೆ. ಅಂಥಲ್ಲಿ ಬಾಳೆದಿಂಡು, ಬಾಳೆಸಿಪ್ಪೆ ಕಳಿಸಿದ ಗೊಬ್ಬರ ಮೇಲು. ಅರಿಶಿನ ಪಿಎಚ್ 4.5ರಿಂದ 7.5ರವರೆಗೆ ಸಹಿಸುತ್ತದೆ. ಅದರಾಚೆಗೆ ತಳ್ಳಬೇಡಿ.

ಮೂಳೆ ಪುಡಿ? ಹಾಕಿದರೆ ಹಾಕಿ, 25 ಗ್ರಾಂ. ಒಂದೇ ಬೆಳೆಗೆ ಅದು ಪೂರ್ತಿ ಕರಗುವುದಿಲ್ಲ, ಕ್ಷಾರ ಮಣ್ಣಲ್ಲಂತೂ ಕರಗುವುದೇ ಅಪರೂಪ.

ಜೀವಾಮೃತದ ಬಗ್ಗೆ ಎರಡು ಮಾತು, ಏಕೆಂದರೆ ಅದನ್ನು ಗೊಬ್ಬರವೆಂದು ಕೊಡುವವರು ಹೆಚ್ಚು. ಎಕರೆಯ ಅಳತೆಯನ್ನು ಇಪ್ಪತ್ತನೇ ಒಂದಕ್ಕೆ ಇಳಿಸಿದರೆ 10 ಲೀಟರ್ ನೀರು, ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, ಬೆಲ್ಲ 100 ಗ್ರಾಂ, ಹುರುಳಿ ಅಥವಾ ಕಡಲೆ ಹಿಟ್ಟು 100 ಗ್ರಾಂ, ಒಂದು ಚಿಟಿಕೆ ಬದುವಿನ ಮಣ್ಣು. ನೆರಳಲ್ಲಿಟ್ಟು ದಿನಕ್ಕೆ ಎರಡು ಸಲ ಕಲಕಿ, ಮೂರನೇ ದಿನದಿಂದ ಬಳಸಿ, ವಾರದೊಳಗೆ ಮುಗಿಸಿ. ಈ ಹತ್ತು ಲೀಟರಿನಲ್ಲಿ ಪೋಷಕಾಂಶ ಇರುವುದು ತೀರಾ ಅಲ್ಪ. ಇದು ಹೆಪ್ಪು ಇದ್ದಂತೆ. ಹಾಲಿದ್ದರೆ ಮೊಸರಾದೀತು. ಗೊಬ್ಬರವೂ ಇಲ್ಲದ, ಎಲೆಯ ಹೊದಿಕೆಯೂ ಇಲ್ಲದ ಚೀಲಕ್ಕೆ ಜೀವಾಮೃತ ಸುರಿದು ಕಾಯುವುದು ಬರೀ ಪಾತ್ರೆಗೆ ಹೆಪ್ಪು ಹಾಕಿದಂತೆ.

ಹೊದಿಕೆಯ ಮಾತು ಬಂತು. ನೆಟ್ಟ ದಿನವೇ ಗ್ಲಿರಿಸಿಡಿಯಾ, ಹೊಂಗೆ, ಮಾವು ಯಾವುದಾದರೂ ಹಸಿರೆಲೆ ಮೂರು ಇಂಚು ಮುಚ್ಚಿ. 45–50 ದಿನಕ್ಕೆ ಇನ್ನೊಮ್ಮೆ. ಗ್ಲಿರಿಸಿಡಿಯಾ ಸಿಕ್ಕರೆ ಅದನ್ನೇ ಹಾಕಿ, ಬೇಗ ಕಳಿಯುತ್ತದೆ, ಸಾರಜನಕವೂ ಸಿಗುತ್ತದೆ. ಅಕ್ಟೋಬರ್ ದಾಟಿದ ಮೇಲೆ ಸಾರಜನಕ ಕೊಡುವ ಯಾವುದನ್ನೂ ಹಾಕಬೇಡಿ. ಆಗ ಹಾಕಿದರೆ ಗಿಡ ಹೊಸ ಎಲೆ ಬಿಡುತ್ತಾ ಕೂರುತ್ತದೆ, ಜನವರಿಯಲ್ಲೂ ಹಸಿರು. ಮೊದಲು ಹೇಳಿದ ಸುಕ್ಕುಗೆಡ್ಡೆಯ ಮೂಲ ಇದೇ.

ಶ್ರಾವಣದಲ್ಲಿ ಎಲೆಕಡುಬಿಗೆ ಅರಿಶಿನದ ಎಲೆ ಬೇಕೇ ಬೇಕು. ಬುಡಕ್ಕೆ ಒಂದರಂತೆ ಹೊರಗಿನ ಎಲೆ ಕೊಯ್ಯಿರಿ. ಬೀದಿಯವರಿಗೆಲ್ಲ ಹಂಚಿ ಗಿಡ ಬೋಳಾದರೆ ಗೆಡ್ಡೆಗೆ ಊಟ ಕಳಿಸುವವರು ಯಾರು?

ಕೀಳುವ ಹೊತ್ತು

ತಳಿಯ ಮೇಲೆ ಏಳರಿಂದ ಒಂಬತ್ತು ತಿಂಗಳು. ಪ್ರಗತಿ ಎಂಬ ತಳಿ ಆರು ತಿಂಗಳಿಗೇ ಬರುತ್ತದೆ. ಪ್ರತಿಭಾ, ಸೇಲಂ ನಿಧಾನ. ಎಲೆಯೆಲ್ಲ ಒಣಗಿ ಬಾಗಿದ ಮೇಲೆ ಎರಡು ಮೂರು ವಾರ ನೀರು ನಿಲ್ಲಿಸಿ, ಆಮೇಲೆ ಕೀಳಿ. ಸಂಕ್ರಾಂತಿಗೆಂದು ಹಸಿರು ಗಿಡ ಕಿತ್ತರೆ ಪೂಜೆಗೆ ಚೆಂದ, ಪುಡಿಗೆ ಕಡಿಮೆ. ಚೀಲಕ್ಕೆ ಒಂದು ಕಿಲೋ ಹಸಿ ಗೆಡ್ಡೆ ಬಂದರೆ ತೃಪ್ತಿಪಡಬಹುದು. ಬಲಿತ ಗೆಡ್ಡೆಯಾದರೆ ಹತ್ತು ಕಿಲೋಗೆ ಒಣಗಿದ್ದು ಹೆಚ್ಚುಕಡಿಮೆ ಎರಡು ಕಿಲೋ.

ಕಿತ್ತ ಕೂಡಲೇ ತಾಯಿಗೆಡ್ಡೆ ಮತ್ತು ಬೆರಳು ಬೇರೆ ಮಾಡಿ, ಬೇರು ಸವರಿ, ತೊಳೆಯಿರಿ. ಮುಂದಿನ ವರ್ಷದ ಬಿತ್ತನೆಗೆ ಗಾಯವಿಲ್ಲದ್ದನ್ನು ಈಗಲೇ ಎತ್ತಿಡಿ. ಉಳಿದದ್ದನ್ನು ಎರಡು ಮೂರು ದಿನದೊಳಗೆ ಸಂಸ್ಕರಿಸಿ. ರಾಶಿ ಹಾಕಿ ವಾರ ಬಿಟ್ಟರೆ ಕೆಳಗಿನದು ಬೆವೆತು ಕೊಳೆಯಲು ಶುರುವಾಗುತ್ತದೆ, ಮೇಲಿನದು ಬಾಡಿ ಸಮನಾಗಿ ಬೇಯುವುದಿಲ್ಲ.

ಬೇಯಿಸುವುದೋ, ಹಬೆಯೋ, ಹೆಚ್ಚುವುದೋ

ಬೇಯಿಸುವುದು ಏಕೆಂದು ತಿಳಿದರೆ ಆಯ್ಕೆ ಸುಲಭ. ಗೆಡ್ಡೆಯೊಳಗಿನ ಹಿಟ್ಟು ಬಿಸಿನೀರಿನಲ್ಲಿ ಗಂಜಿಯಾಗುತ್ತದೆ, ಒಣಗಿದಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಬಣ್ಣ ಒಳಗೆಲ್ಲ ಸಮನಾಗಿ ಹರಡುತ್ತದೆ, ಹಸಿವಾಸನೆ ಹೋಗುತ್ತದೆ, ಮೊಳಕೆ ಸಾಯುತ್ತದೆ, ಒಣಗುವುದೂ ಬೇಗ. ಟಣ್ ಎನ್ನುವ ಅರಿಶಿನದ ಕೊಂಬು ಬೇಕಾದರೆ ಬೇಯಿಸದೆ ಬೇರೆ ದಾರಿಯಿಲ್ಲ.

ನೀರಲ್ಲಿ ಬೇಯಿಸುವ ಕ್ರಮ: ಹಳೆಯ ಸ್ಟೀಲ್ ಪಾತ್ರೆಯೋ ತಾಮ್ರದ ಹಂಡೆಯೋ ಇರಲಿ, ಬೆರಳುಗಳ ಮೇಲೆ 5–7 ಸೆಂಟಿಮೀಟರ್ ನೀರು ನಿಲ್ಲಬೇಕು. ಕುದಿ ಬಂದ ಮೇಲೆ 45 ನಿಮಿಷದಿಂದ ಒಂದು ಗಂಟೆ. ಎರಡು ಮೂರು ಕಿಲೋ ಆದರೆ 30 ನಿಮಿಷಕ್ಕೇ ಪರೀಕ್ಷೆ ಶುರುಮಾಡಿ. ಮೊದಲು ನೊರೆ ಏಳುತ್ತದೆ, ಆಮೇಲೆ ಬಿಳಿ ಹಬೆಯ ಜೊತೆ ಅರಿಶಿನದ ಘಮ ಅಡುಗೆಮನೆ ತುಂಬುತ್ತದೆ. ಆಗ ದಪ್ಪ ಬೆರಳೊಂದನ್ನು ತೆಗೆದು ಮೊಂಡು ಕಡ್ಡಿ ಚುಚ್ಚಿ. ತಡೆಯಿಲ್ಲದೆ ನಡುವಿನವರೆಗೆ ಇಳಿದರೆ ಹದ. ಮುರಿದು ನೋಡಿದರೆ ಒಳಗೆಲ್ಲ ಒಂದೇ ಕಿತ್ತಳೆಹಳದಿ ಇರಬೇಕು. ನಡುವೆ ಪೇಲವವಾದ ವೃತ್ತ ಉಳಿದಿದ್ದರೆ ಇನ್ನೂ ಬೆಂದಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಬೆಂದ ಆಲೂಗೆಡ್ಡೆಯಂತೆ ಮುದ್ದೆಯಾದರೆ ಹದ ಮೀರಿತು. ಕಡಿಮೆ ಬೆಂದದ್ದು ಒಣಗಿದ ಮೇಲೆ ಸುಲಭವಾಗಿ ಪುಡಿಯೊಡೆಯುತ್ತದೆ, ಹೆಚ್ಚು ಬೆಂದದ್ದರ ಬಣ್ಣ ಮಂಕಾಗುತ್ತದೆ. ತಾಯಿಗೆಡ್ಡೆ ದಪ್ಪ, ಅದಕ್ಕೆ ಹೆಚ್ಚು ಹೊತ್ತು ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದು ಹಸಿ, ಒಂದು ಮುದ್ದೆ.

ನೀರಿಗೆ ಸೋಡಾ, ಸುಣ್ಣ ಹಾಕಿ ಬೇಯಿಸಿದರೆ ಬಣ್ಣ ಬರುತ್ತದೆ ಎನ್ನುವವರ ಮಾತು ಕೇಳಬೇಡಿ. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಎಂದು ಕುಂಕುಮ ಮಾಡುವವರನ್ನು ಕೇಳಿ. ಕೆಂಪಾಗುತ್ತದೆ. ಸಗಣಿ ನೀರಲ್ಲಿ ಬೇಯಿಸುವ ಹಳೆಯ ಪದ್ಧತಿಯೂ ತಿನ್ನುವ ವಸ್ತುವಿಗೆ ಬೇಡ.

ಹಬೆ ಇದಕ್ಕಿಂತ ಒಂದು ಮೆಟ್ಟಿಲು ಮೇಲು. ನೀರು ಹಳದಿಯಾಗಿ ಚೆಲ್ಲಿಹೋಗುವುದಿಲ್ಲ, ಗೆಡ್ಡೆ ನೀರು ಕುಡಿಯುವುದಿಲ್ಲವಾದ್ದರಿಂದ ಒಣಗಲು ಒಂದೆರಡು ದಿನ ಕಡಿಮೆ ಸಾಕು. ಇಡ್ಲಿ ಪಾತ್ರೆಯಲ್ಲಿ ತೂತಿನ ತಟ್ಟೆಯ ಮೇಲೆ ಎರಡು ಪದರ ಮೀರದಂತೆ ಹರಡಿ, ಹಬೆ ಬಂದ ಮೇಲೆ 30–40 ನಿಮಿಷ. ಪರೀಕ್ಷೆ ಅದೇ ಕಡ್ಡಿ. ಕುಕ್ಕರ್‌ನಲ್ಲಿ ಮಾಡುವುದಾದರೆ ವಿಷಲ್ ಹಾಕಬೇಡಿ. ಒತ್ತಡದಲ್ಲಿ ಹದ ದಾಟುವುದು ಕೆಲವೇ ನಿಮಿಷದ ಮಾತು, ಮುಚ್ಚಳ ತೆಗೆದು ನೋಡುವ ಹಾಗೂ ಇಲ್ಲ. ಹಬೆಯ ತೊಂದರೆ ಒಂದೇ: ಇಡ್ಲಿ ಪಾತ್ರೆಗೆ ಒಂದು ಸಲಕ್ಕೆ ಒಂದೂವರೆ, ಎರಡು ಕಿಲೋ ಹಿಡಿಯುತ್ತದೆ. ಇಪ್ಪತ್ತು ಚೀಲದ ಬೆಳೆಗೆ ದಿನವಿಡೀ ಒಲೆಯ ಮುಂದೆ ನಿಲ್ಲಬೇಕು. ಆಗ ಹಂಡೆಯೇ ಗತಿ. ಪಾತ್ರೆಯ ಹಳದಿ ಕಲೆ ಸುಲಭಕ್ಕೆ ಹೋಗದು ಎಂದು ಮನೆಯವರಿಗೆ ಮೊದಲೇ ಹೇಳಿಡುವುದು ಕ್ಷೇಮ.

ಮೂರನೆಯದು ಹಸಿಯಾಗಿಯೇ ಹೆಚ್ಚಿ ಒಣಗಿಸುವುದು. 3–5 ಮಿಲಿಮೀಟರ್ ದಪ್ಪದ ಬಿಲ್ಲೆ. ಚಿಪ್ಸ್ ಮಣೆ ಇದ್ದರೆ ಕೆಲಸ ಬೇಗ, ಕೈಗವಸು ಹಾಕಿಕೊಳ್ಳಿ. ಮೂರು ನಾಲ್ಕು ದಿನದಲ್ಲಿ ಒಣಗುತ್ತದೆ, ಬಣ್ಣ ಝಗ್ಗೆನ್ನುತ್ತದೆ, ಮಿಕ್ಸಿಯಲ್ಲೇ ಪುಡಿಯಾಗುತ್ತದೆ. ಆದರೆ ಹಸಿವಾಸನೆ ಪುಡಿಯಲ್ಲೂ ಸ್ವಲ್ಪ ಉಳಿಯುತ್ತದೆ. ಸಾರಿಗೆ ಹಾಕಿ ಕುದಿಸಿದರೆ ತಿಳಿಯದು, ಹಾಲಿಗೆ ಹಾಕಿದರೆ ನಾಲಿಗೆಗೆ ಗೊತ್ತಾಗುತ್ತದೆ. ಹೆಚ್ಚಿದ ಮುಖದಿಂದ ಘಮದ ಎಣ್ಣೆ ಹಾರಿಹೋಗುತ್ತದೆ, ಬಿಲ್ಲೆ ತೇವ ಹೀರುವುದೂ ಬೇಗ. ವರ್ಷ ಇಡುವ ವಸ್ತುವಲ್ಲ ಇದು.

ಇವುಗಳ ನಡುವೆ ಒಂದು ಮಧ್ಯದ ದಾರಿ ಇದೆ, ಐದು ಕಿಲೋಗಿಂತ ಕಡಿಮೆ ಬೆಳೆಯುವವರಿಗೆ ಅದನ್ನೇ ಹೇಳುತ್ತೇವೆ. ಇಡೀ ಬೆರಳನ್ನು ಹಬೆಯಲ್ಲಿ 15 ನಿಮಿಷ ಇಟ್ಟು, ಆರಿಸಿ, ಆಮೇಲೆ 5 ಮಿಲಿಮೀಟರ್ ಬಿಲ್ಲೆ ಮಾಡಿ ಒಣಗಿಸುವುದು. ಹಸಿವಾಸನೆ ಹೋಗುತ್ತದೆ, ಒರಳಿನ ಕಷ್ಟವೂ ಇಲ್ಲ. ಕೊಂಬಿನ ಬಾಳಿಕೆ ಮಾತ್ರ ಸಿಗುವುದಿಲ್ಲ. ಹತ್ತು ಕಿಲೋ ದಾಟಿದರೆ, ಅಥವಾ ಮದುವೆಮನೆಗೆ, ಪೂಜೆಗೆ ಕೊಂಬು ಬೇಕಾದರೆ, ಇಡಿಯಾಗಿ ಪೂರ್ತಿ ಬೇಯಿಸುವುದೇ ಸರಿ.

ಒಣಗಿಸುವುದು

ಇಡೀ ಕೊಂಬಿಗೂ ಬಿಲ್ಲೆಗೂ ಇಲ್ಲಿ ನಿಯಮ ಉಲ್ಟಾ. ಬೆಂದ ಬೆರಳನ್ನು ತೆಳ್ಳಗೆ ಹರಡಬಾರದು, 5–7 ಸೆಂಟಿಮೀಟರ್ ದಪ್ಪದ ಪದರವಾಗಿ ಬಿದಿರು ಚಾಪೆಯ ಮೇಲೆ ಹಾಕಬೇಕು. ತೆಳುವಾದರೆ ಬಿಸಿಲು ನೇರ ಹೊಡೆದು ಬಣ್ಣ ಕೆಡುತ್ತದೆ. ದಿನಕ್ಕೆ ಎರಡು ಮೂರು ಸಲ ಕೈಯಾಡಿಸಿ. ಸಂಜೆ ರಾಶಿ ಮಾಡಿ, ಗಾಳಿಯಾಡುವ ಬಟ್ಟೆ ಅಥವಾ ಗೋಣಿ ಹೊದಿಸಿ. ಪ್ಲಾಸ್ಟಿಕ್ ಶೀಟ್ ಹೊದಿಸಿದರೆ ಬೆಳಗ್ಗೆ ಅದರ ಒಳಗೆಲ್ಲ ನೀರಿನ ಹನಿ, ಮೂರನೇ ದಿನಕ್ಕೆ ಬೂಷ್ಟು. 10ರಿಂದ 15 ದಿನ ಬೇಕು.

ಬಿಲ್ಲೆಗಾದರೆ ಒಂದೇ ಪದರ, ತೆಳು ಬಿಳಿ ಬಟ್ಟೆ ಮುಚ್ಚಿ, ಇಲ್ಲವೇ ಗಾಳಿ ಚೆನ್ನಾಗಿರುವ ಅರೆನೆರಳು. ಅರಿಶಿನದ ಬಣ್ಣಕ್ಕೆ ಬಿಸಿಲು ಶತ್ರು, ಸಿಪ್ಪೆಯ ರಕ್ಷಣೆ ಬಿಲ್ಲೆಗಿಲ್ಲ. ಡಿಹೈಡ್ರೇಟರ್ ಇದ್ದವರು 60 ಡಿಗ್ರಿ ದಾಟಿಸಬೇಡಿ. ಬೇಗ ಆಗಲೆಂದು 80ಕ್ಕೆ ಇಟ್ಟರೆ ಮೇಲ್ಪದರ ಚಿಪ್ಪಿನಂತೆ ಗಟ್ಟಿಯಾಗಿ ಒಳಗಿನ ನೀರು ಹೊರಬರಲಾಗದೆ ಸಿಕ್ಕಿಕೊಳ್ಳುತ್ತದೆ. ಒಣಗಿದಂತೆ ಕಾಣುವ ಬಿಲ್ಲೆ ಡಬ್ಬದಲ್ಲಿ ಹದಿನೈದು ದಿನಕ್ಕೆ ಮೆತ್ತಗಾಗುತ್ತದೆ. ಮನೆಯ ಸಾಮಾನ್ಯ ಓವನ್‌ಗಳಲ್ಲಿ ಕನಿಷ್ಠ ಉಷ್ಣವೇ ಹೆಚ್ಚಿರುವುದರಿಂದ ಅದು ಬೇಡ. ಅಮೆರಿಕ, ಯೂರೋಪಿನಲ್ಲಿ ಕುಂಡದಲ್ಲಿ ಬೆಳೆದು ಚಳಿಗಾಲದಲ್ಲಿ ಕೀಳುವ ಕನ್ನಡಿಗರಿಗೆ ಬಿಸಿಲಿನ ಭರವಸೆ ಇಲ್ಲ, ಅವರಿಗೆ ಬಿಲ್ಲೆ ಮತ್ತು ಡಿಹೈಡ್ರೇಟರ್ ಜೋಡಿಯೇ ಸರಿ.

ಒಣಗಿತೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಗುರಿ ಶೇ 10ರೊಳಗಿನ ತೇವ. ಹಸಿಯಲ್ಲಿ ಶೇ 80 ನೀರಿದ್ದ 5 ಕಿಲೋ ಗೆಡ್ಡೆ ಈ ಹದಕ್ಕೆ ಬಂದಾಗ 1.1 ಕಿಲೋ ತೂಗುತ್ತದೆ. ತಳಿ ತಳಿಗೆ ನೀರು ಬೇರೆಯಾದ್ದರಿಂದ ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಮುಗಿಯಿತು ಎನ್ನಿ. ಕೊಂಬಾದರೆ ಎರಡನ್ನು ತಟ್ಟಿ: ಲೋಹದ ಸದ್ದು ಬರಬೇಕು. ಬಾಗದೆ ಟಪ್ಪನೆ ಮುರಿಯಬೇಕು.

ಮನೆಬಳಕೆಗೆ ಹೊಳಪು ಅಗತ್ಯವಿಲ್ಲ. ಸಿಪ್ಪೆ, ಬೇರಿನ ಕುಚ್ಚು ಹೋಗಲು ಗೋಣಿಚೀಲದಲ್ಲಿ ಹಾಕಿ ಇಬ್ಬರು ಎರಡು ತುದಿ ಹಿಡಿದು ಹತ್ತು ನಿಮಿಷ ಅತ್ತಿತ್ತ ಜಗ್ಗಿ, ಮೊರದಲ್ಲಿ ಕೇರಿ. ಪೇಟೆಯ ಕೊಂಬಿಗೆ ಬಣ್ಣ ಬಳಿಯುವುದು ಈ ಹೊಳಪು ಕೊಡುವ ಹಂತದಲ್ಲೇ. ಸೀಸದ ಕ್ರೋಮೇಟ್‌ನಂಥ ವಿಷ ಸೇರುವುದೂ ಆಗಲೇ.

ಕೊಂಬನ್ನು ನೇರ ಮಿಕ್ಸಿಗೆ ಹಾಕಿದರೆ ಬ್ಲೇಡ್ ಹೋಗುತ್ತದೆ. ಕಬ್ಬಿಣದ ಕುಟ್ಟಾಣಿಯಲ್ಲಿ ಕಡಲೆಯಷ್ಟು ಗಾತ್ರಕ್ಕೆ ಒಡೆದು, ಅರ್ಧ ಅರ್ಧ ನಿಮಿಷ ನಿಲ್ಲಿಸಿ ನಿಲ್ಲಿಸಿ ರುಬ್ಬಿ, ಜರಡಿ ಹಿಡಿಯಿರಿ. ಜಾರ್ ಬಿಸಿಯಾದರೆ ಘಮ ಹೋಯಿತು. ಮಿಲ್ಲಿಗೆ ಕೊಡುವುದಾದರೆ ಮೆಣಸಿನಕಾಯಿ ಹಾಕಿದ ಬೆನ್ನಿಗೇ ನಿಮ್ಮದನ್ನು ಹಾಕದಂತೆ ಹೇಳಿ, ಮೊದಲ ಒಂದು ಮುಷ್ಟಿ ಪುಡಿಯನ್ನು ಬೇರೆಯೇ ಹಿಡಿದುಕೊಳ್ಳಿ. ಮೂರು ತಿಂಗಳಿಗೆ ಬೇಕಾದಷ್ಟೇ ಪುಡಿ ಮಾಡಿ, ಉಳಿದದ್ದು ಕೊಂಬಾಗಿಯೇ ಗಾಜಿನ ಭರಣಿಯಲ್ಲಿರಲಿ. ಭರಣಿಯ ತಳದಲ್ಲಿ ನಯವಾದ ಹಳದಿ ಹುಡಿ, ಕೊಂಬಿನ ಮೈಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಹುಳ ಬಿದ್ದಿದೆ ಎಂದರ್ಥ. ಒಣಗುವಾಗ ಕೊನೆಯ ಎರಡು ದಿನ ಅವಸರ ಮಾಡಿರುತ್ತೀರಿ. ತೂತು ಬಿದ್ದದ್ದನ್ನು ಆರಿಸಿ ಎಸೆದು, ಉಳಿದದ್ದನ್ನು ಮತ್ತೆ ಮೂರು ದಿನ ಬಿಸಿಲಿಗೆ ಹಾಕಿ, ಭರಣಿಯನ್ನೂ ತೊಳೆದು ಒಣಗಿಸಿ ತುಂಬಿ.